ಹೊರದೇಶದ ಕಾಲೇಜಿನಲ್ಲಿ ಇಂಟರ್ನ್‌ಶಿಪ್: ಇಂಗ್ಲಿಷ್ ಮಾತಾಡಿಸಲು ಹೋಗುವ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗದವರಿಗೆ ಮಾರ್ಗದರ್ಶಿ

ಡಿಗ್ರಿ ಕೊನೆಯ ಸೆಮಿಸ್ಟರ್‌ಗೆ ಬಂದ ಮಕ್ಕಳಲ್ಲಿ ಪ್ರತಿ ವರ್ಷ ಒಬ್ಬಿಬ್ಬರಾದರೂ ಸ್ಟಾಫ್ ರೂಮಿಗೆ ಬಂದು ಕೇಳುತ್ತಾರೆ: "ಮೇಡಂ, ನಮ್ದು ಕನ್ನಡ ಮೀಡಿಯಂ. ಹೊರದೇಶಕ್ಕ ಹೋಗಿ ಇಂಗ್ಲಿಷ್ ಮಾತಾಡ್ಸೂದಂದ್ರ ನಮ್ ಕೈಲೆ ಆಗ್ತದೇನ್ರಿ?"

ಆಗುತ್ತೆ. ಈ ಕೆಲಸಕ್ಕೆ ನಿಮ್ಮಂಥವರೇ ಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಮನೆಯಲ್ಲೇ ಇಂಗ್ಲಿಷ್ ಕೇಳಿ ಬೆಳೆದವರಿಗೆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುವುದು ಎಲ್ಲಿ ಅಂತ ಗೊತ್ತಿರುವುದಿಲ್ಲ. ಕುಷ್ಟಗಿಯಲ್ಲೋ ಮಾನ್ವಿಯಲ್ಲೋ ಸಿರುಗುಪ್ಪದಲ್ಲೋ ಸರ್ಕಾರಿ ಶಾಲೆಗೆ ಹೋಗಿ, ಪಿಯುಸಿಯಲ್ಲಿ ಗೈಡ್ ಬಾಯಿಪಾಠ ಮಾಡಿ, ಆಮೇಲೆ ಹೇಗೋ ಇಂಗ್ಲಿಷ್ ಕಲಿತವರಿಗೆ ಅದು ಚೆನ್ನಾಗಿ ಗೊತ್ತು. ಉತ್ತರ ಗೊತ್ತಿದ್ದೂ ತಲೆ ತಗ್ಗಿಸಿ ಕೂರುವ ಹುಡುಗನ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಅಂತ ನೀವು ಯಾವ ಪುಸ್ತಕವನ್ನೂ ಓದದೆ ಹೇಳಬಲ್ಲಿರಿ.

ನಾನು ಹೋಗಿದ್ದು ಥಾಯ್ಲೆಂಡಿನ ಈಶಾನ್ಯ ಭಾಗಕ್ಕೆ. ಅದಕ್ಕೆ ಇಸಾನ್ ಅಂತಾರೆ. ಹಾಗಾಗಿ ಉದಾಹರಣೆಗಳೆಲ್ಲ ಹೆಚ್ಚಾಗಿ ಅಲ್ಲಿಯವೇ. ವಿಯೆಟ್ನಾಂ, ಇಂಡೋನೇಷ್ಯಾಕ್ಕೆ ಹೋಗುವವರಿಗೆ ವೀಸಾದ ಮಾತು ಬೇರೆಯಾಗುತ್ತೆ. ತರಗತಿಯ ಮಾತು ಬಹುತೇಕ ಇದೇ.

ಕೆಲಸ ಏನು ಅಂತ ಮೊದಲು ತಿಳಿದುಕೊಳ್ಳಿ

ನಿಮ್ಮನ್ನು ಯಾರೂ ಗ್ರಾಮರ್ ಪಾಠ ಮಾಡಲು ಕರೆಯುವುದಿಲ್ಲ. ಅದಕ್ಕೆ ಅಲ್ಲಿ ಉಪನ್ಯಾಸಕರಿದ್ದಾರೆ. ಪರೀಕ್ಷೆ, ಅಂಕ, ಸಿಲೆಬಸ್ ಎಲ್ಲ ಅವರದೇ ಜವಾಬ್ದಾರಿ. ಇಂಟರ್ನ್ ಅಥವಾ ಸಹಾಯಕರಾಗಿ ಹೋದವರ ಪಾಲಿಗೆ ಬರುವುದು ಮಾತಾಡಿಸುವ ಗಂಟೆ, ಇಂಗ್ಲಿಷ್ ಕ್ಲಬ್, ಸಂದರ್ಶನದ ತಯಾರಿ, ಒಮ್ಮೊಮ್ಮೆ ಕಚೇರಿಯ ಪತ್ರ ತಿದ್ದುವ ಕೆಲಸ. ಇಷ್ಟು ಸ್ಪಷ್ಟವಾದರೆ ಅರ್ಧ ಭಯ ಹೋಗುತ್ತೆ. ನಿಮ್ಮ ಗಂಟೆ ಚೆನ್ನಾಗಿ ನಡೆಯಿತೋ ಇಲ್ಲವೋ ಅಂತ ನೋಡಲು ಒಂದೇ ಅಳತೆ ಸಾಕು: ಆ ಗಂಟೆಯಲ್ಲಿ ನೀವು ಎಷ್ಟು ಮಾತಾಡಿದಿರಿ, ಮಕ್ಕಳು ಎಷ್ಟು ಮಾತಾಡಿದರು? ಮಕ್ಕಳ ಮಾತು ಜಾಸ್ತಿ ಇರಬೇಕು.

ಥಾಯ್ಲೆಂಡಿನಲ್ಲಿ ರಾಜಭಟ್ ವಿಶ್ವವಿದ್ಯಾಲಯಗಳು ಅಂತ 38 ಇವೆ. ಮೊದಲು ಶಿಕ್ಷಕರ ತರಬೇತಿ ಕಾಲೇಜುಗಳಾಗಿದ್ದವು. ರಾಜಧಾನಿ ಬ್ಯಾಂಕಾಕಿನಲ್ಲೂ ಕೆಲವಿವೆ, ಹೆಚ್ಚಿನವು ಜಿಲ್ಲೆಗಳಲ್ಲಿವೆ. ಅಲ್ಲಿಗೆ ಬರುವ ಮಕ್ಕಳು ಸುತ್ತಲಿನ ಹಳ್ಳಿಗಳವರು, ರೈತರ ಮಕ್ಕಳು ಬಹಳ. ಇಸಾನ್ ಕಡೆಯವರು ಮನೆಯಲ್ಲಿ ಲಾವೋ ಭಾಷೆಗೆ ಹತ್ತಿರದ ಇಸಾನ್ ಮಾತಾಡುತ್ತಾರೆ, ಶಾಲೆಯಲ್ಲಿ ಥಾಯ್, ಅದರ ಮೇಲೆ ಇಂಗ್ಲಿಷ್. ಮನೆಯಲ್ಲಿ ತೆಲುಗೋ ಉರ್ದುವೋ, ಶಾಲೆಯಲ್ಲಿ ಪುಸ್ತಕದ ಕನ್ನಡ, ಆಮೇಲೆ ಇಂಗ್ಲಿಷ್ ಅಂತ ಬೆಳೆದ ರಾಯಚೂರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ತಯಾರಿ ಊರಲ್ಲೇ ಶುರುವಾಗಲಿ

ಅರ್ಜಿ ಹಾಕುವ ಮೊದಲು ನೀವು ಓದಿದ ಹೈಸ್ಕೂಲಿಗೆ ಹೋಗಿ. ಮುಖ್ಯೋಪಾಧ್ಯಾಯರನ್ನು ಕಂಡು, ವಾರಕ್ಕೆ ಒಂದೆರಡು ಗಂಟೆ ಒಂಬತ್ತನೇ ತರಗತಿಯವರ ಜೊತೆ ಇಂಗ್ಲಿಷ್ ಮಾತಾಡಿಸುವ ಅವಕಾಶ ಕೇಳಿ. ಬೇಡ ಅನ್ನುವವರು ಕಡಿಮೆ. ಒಂದು ಟರ್ಮ್ ಹೀಗೆ ಮಾಡಿ, ಶಾಲೆಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ಎಷ್ಟು ಮಕ್ಕಳು, ಯಾವ ತರಗತಿ, ಏನೇನು ಮಾಡಿಸಿದಿರಿ ಅಂತ ಅದರಲ್ಲಿ ಇರಲಿ. ಹೊರದೇಶದ ಕಾಲೇಜಿನವರಿಗೆ ನಿಮ್ಮ ಶೇಕಡಾವಾರು ಅಂಕಕ್ಕಿಂತ ಈ ಪತ್ರ ಹೆಚ್ಚು ಹೇಳುತ್ತೆ. ಪತ್ರದ ಮಾತು ಹಾಗಿರಲಿ, ಐವತ್ತು ಮಕ್ಕಳ ಎದುರು ನಿಂತು ಸುಮ್ಮನಿರುವುದು ಹೇಗೆ ಅಂತ ನೀವು ಅಲ್ಲೇ ಕಲಿಯುತ್ತೀರಿ.

ಸರ್ಟಿಫಿಕೇಟ್ ವಿಷಯ. ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವುದು ಹೇಗೆ ಅಂತ ಹೇಳಿಕೊಡುವ ಟೆಫಲ್, ಟೆಸಾಲ್ ಅನ್ನುವ 120 ಗಂಟೆಯ ಕೋರ್ಸ್‌ಗಳನ್ನು ಹಲವು ಕಾಲೇಜುಗಳು ಕೇಳುತ್ತವೆ. ಆನ್‌ಲೈನಿನಲ್ಲಿ ಕಡಿಮೆ ದುಡ್ಡಿಗೆ ಸಿಗುವವುಗಳಲ್ಲಿ ನಿಜವಾದ ಮಕ್ಕಳಿಗೆ ಪಾಠ ಮಾಡಿಸುವ ಭಾಗ ಇರುವುದು ಅಪರೂಪ. ಕೇಂಬ್ರಿಜ್‌ನ ಸೆಲ್ಟಾ ಕೋರ್ಸಿನಲ್ಲಿ ಆರು ಗಂಟೆ ಪಾಠ ಮಾಡಲೇಬೇಕು, ಅದಕ್ಕೇ ಅದಕ್ಕೆ ಬೆಲೆ. ಆದರೆ ದುಬಾರಿ. ರಾಯಚೂರಿಗೆ ಹತ್ತಿರದ ಹೈದರಾಬಾದಿನಲ್ಲೇ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇದೆ, 1958ರಿಂದ ಇಂಗ್ಲಿಷ್ ಶಿಕ್ಷಕರ ತರಬೇತಿಗೆ ಹೆಸರಾದ ಸಂಸ್ಥೆ. ಅದರ ಜಾಲತಾಣ ನೋಡುತ್ತಿರಿ. ಇಂಟರ್ನ್‌ಶಿಪ್‌ಗೆ ಮಾತ್ರ ಹೋಗುವುದಾದರೆ ಸಾಲ ಮಾಡಿ ಕೋರ್ಸ್ ಸೇರಬೇಡಿ. ಕಾಲೇಜು ಕೇಳಿದ ಮೇಲೆ ಮಾಡಿದರೆ ಸಾಕು.

ಇನ್ನೊಂದು ಕೆಲಸ: ಫೋನಿನಲ್ಲಿ ನಿಮ್ಮ ಇಂಗ್ಲಿಷ್ ಐದು ನಿಮಿಷ ರೆಕಾರ್ಡ್ ಮಾಡಿ ಕೇಳಿ. ನಾವು ತುಂಬಾ ಬೇಗ ಮಾತಾಡುತ್ತೇವೆ. ಅಮೆರಿಕದವರ ಉಚ್ಚಾರವನ್ನು ಅನುಕರಿಸುವ ಅಗತ್ಯ ಖಂಡಿತ ಇಲ್ಲ. ನಿಧಾನವಾಗಿ, ಪದ ಪದ ಬಿಡಿಸಿ ಮಾತಾಡಿದರೆ ನಮ್ಮ ಇಂಗ್ಲಿಷ್ ಎಲ್ಲರಿಗೂ ಅರ್ಥವಾಗುತ್ತೆ.

ಅವಕಾಶ ಹುಡುಕುವುದು, ಮೋಸ ಗುರುತಿಸುವುದು

ಮೂರು ದಾರಿ ಇವೆ. ನಿಮ್ಮ ವಿಶ್ವವಿದ್ಯಾಲಯಕ್ಕೆ ಹೊರದೇಶದ ಯಾವುದಾದರೂ ಸಂಸ್ಥೆಯ ಜೊತೆ ಒಪ್ಪಂದ ಇದೆಯೇ ಅಂತ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳುವುದು ಒಂದು. ಐಸೆಕ್‌ನಂಥ ವಿದ್ಯಾರ್ಥಿ ಸಂಘಟನೆಯ ಮೂಲಕ ಹೋಗುವುದು ಇನ್ನೊಂದು. 1948ರಲ್ಲಿ ಶುರುವಾದ ಈ ಸಂಘಟನೆ 18ರಿಂದ 30 ವರ್ಷದವರನ್ನು ಬೇರೆ ದೇಶಗಳಿಗೆ ಕಳಿಸುತ್ತೆ. ಮೂರನೆಯದು ನೇರವಾಗಿ ಕಾಲೇಜಿಗೇ ಬರೆಯುವುದು. ನನಗೆ ಇದೇ ಇಷ್ಟ. ಬಹುತೇಕ ವಿಶ್ವವಿದ್ಯಾಲಯಗಳ ಜಾಲತಾಣದಲ್ಲಿ ಅಂತರರಾಷ್ಟ್ರೀಯ ವ್ಯವಹಾರಗಳ ಕಚೇರಿಯ ಇಮೇಲ್ ಇರುತ್ತೆ. ಅಲ್ಲಿಗೆ ಉದ್ದ ಪತ್ರ ಬೇಡ. ನೀವು ಯಾರು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬರಬಲ್ಲಿರಿ, ವಾರಕ್ಕೆ ಎಷ್ಟು ಗಂಟೆ ಮಾತಾಡಿಸಬಲ್ಲಿರಿ, ಹೈಸ್ಕೂಲಿನಲ್ಲಿ ಏನು ಮಾಡಿದಿರಿ, ವಸತಿ ಸಿಗುತ್ತದೆಯೇ, ವೀಸಾಕ್ಕೆ ಪತ್ರ ಕೊಡುತ್ತೀರಾ. ಇಷ್ಟು ಸಾಕು. ಹತ್ತಾರು ಕಡೆ ಬರೆದರೆ ಒಂದೆರಡು ಕಡೆಯಿಂದ ಉತ್ತರ ಬರುತ್ತೆ, ಬೇಜಾರಾಗಬೇಡಿ. ಕೆಲವರು ಇಂಗ್ಲಿಷ್ ಮಾತೃಭಾಷೆಯವರೇ ಬೇಕು ಅಂತ ಬರೆಯುತ್ತಾರೆ. ಅಂಥವರ ಜೊತೆ ವಾದ ಮಾಡುತ್ತಾ ಕೂರದೆ ಮುಂದಿನ ಕಾಲೇಜಿಗೆ ಬರೆಯಿರಿ.

ಈಗ ಮೋಸದ ಮಾತು. ದಯವಿಟ್ಟು ಇದನ್ನು ಗಮನ ಕೊಟ್ಟು ಓದಿ. ಥಾಯ್ಲೆಂಡಿನಲ್ಲಿ ಕೆಲಸ ಅಂತ ಟೆಲಿಗ್ರಾಂ, ಫೇಸ್‌ಬುಕ್ ಮೂಲಕ ಕರೆಸಿಕೊಂಡು, ಗಡಿ ಪಟ್ಟಣ ಮೇ ಸೋಟ್‌ನಿಂದ ಹೊಳೆ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿಗೆ ಸಾಗಿಸಿ, ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕುವ ಜಾಲ ಇದೆ. ನಮ್ಮ ವಿದೇಶಾಂಗ ಸಚಿವಾಲಯ 2022ರಿಂದ ಎಚ್ಚರಿಸುತ್ತಲೇ ಇದೆ. 2025ರ ಮಾರ್ಚ್‌ನಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ವಾಪಸ್ ಕರೆತರಬೇಕಾಯಿತು. ಓದಿಕೊಂಡ, ಇಂಗ್ಲಿಷ್ ಟೈಪ್ ಮಾಡಬಲ್ಲ ಹುಡುಗರನ್ನೇ ಅವರು ಹುಡುಕುತ್ತಾರೆ. ಅಂದರೆ ನಿಮ್ಮಂಥವರನ್ನೇ.

ಗುರುತಿಸುವುದು ಕಷ್ಟವಲ್ಲ. ಸಂದರ್ಶನವೇ ಇಲ್ಲದೆ ದೊಡ್ಡ ಸಂಬಳ ಹೇಳಿದರೆ, ಟಿಕೆಟ್ ತಾವೇ ಹಾಕಿಸಿ ನಾಳೆಯೇ ಹೊರಡಿ ಅಂದರೆ, ಪ್ರವಾಸಿಯಾಗಿ ಬನ್ನಿ ವೀಸಾ ಇಲ್ಲಿ ಬದಲಿಸೋಣ ಅಂದರೆ, ಅಲ್ಲಿಗೇ ನಿಲ್ಲಿಸಿ. ಪತ್ರ ಬಂದ ಕಾಲೇಜಿನ ಜಾಲತಾಣ ನೀವೇ ಹುಡುಕಿ, ಅದರಲ್ಲಿರುವ ನಂಬರಿಗೆ ಫೋನ್ ಮಾಡಿ ಆ ಪತ್ರ ಅವರದೇ ಹೌದಾ ಅಂತ ಕೇಳಿ. ಪತ್ರದಲ್ಲಿರುವ ನಂಬರಿಗೆ ಮಾಡಬೇಡಿ. ಏಜೆಂಟ್ ಮೂಲಕವೇ ಹೋಗುವುದಾದರೆ 1983ರ ವಲಸೆ ಕಾಯ್ದೆಯಡಿ ಅವರು ನೋಂದಾಯಿಸಿಕೊಂಡಿರಬೇಕು. ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ಹೆಸರು ಸಿಗುತ್ತೆ. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ. ಅದಕ್ಕಿಂತ ಜಾಸ್ತಿ ಕೇಳಿದವರ ಆಫೀಸಿಗೆ ಮತ್ತೆ ಕಾಲಿಡಬೇಡಿ.

ಕಾಗದ ಪತ್ರ

ಪಾಸ್‌ಪೋರ್ಟ್ ಮೊದಲು. 36 ಪುಟದ್ದಕ್ಕೆ 1,500 ರೂಪಾಯಿ, ಹತ್ತು ವರ್ಷ ನಡೆಯುತ್ತೆ. ಈಗ ಅಂಚೆ ಕಚೇರಿಗಳಲ್ಲೂ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಿರುವುದರಿಂದ ಇದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ. ಅರ್ಜಿ ತುಂಬುವಾಗ ಹತ್ತಿರದ್ದನ್ನು ಆರಿಸಿಕೊಳ್ಳಿ.

ನಮ್ಮ ಕಡೆಯವರಿಗೆ ತೊಡಕಾಗುವುದು ಹೆಸರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಹೆಸರಿನ ಜೊತೆ ಅಪ್ಪನ ಹೆಸರು, ಡಿಗ್ರಿಯಲ್ಲಿ ಇನಿಷಿಯಲ್. ಹೊರದೇಶದ ಅಧಿಕಾರಿಗೆ ಇವು ಮೂವರು ಬೇರೆ ಬೇರೆ ಮನುಷ್ಯರು. ಪಾಸ್‌ಪೋರ್ಟ್ ಅರ್ಜಿ ಹಾಕುವ ಮೊದಲೇ ಎಲ್ಲ ಒಂದೇ ಥರ ಮಾಡಿಸಿ. ಬಳ್ಳಾರಿಯವರಿಗೆ ಇನ್ನೊಂದು ಸಣ್ಣ ವಿಷಯ: ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು. ಹಳೆಯ ಜನನ ಪತ್ರದಲ್ಲಿ 'ಬೆಲ್ಲರಿ', ಹೊಸ ದಾಖಲೆಯಲ್ಲಿ 'ಬಳ್ಳಾರಿ' ಇದ್ದರೆ ಕೇಳಿದವರಿಗೆ ಒಂದು ಸಾಲಿನಲ್ಲಿ ವಿವರಿಸಿ ಬರೆದುಕೊಡಿ.

ಡಿಗ್ರಿ ಪ್ರಮಾಣಪತ್ರಕ್ಕೆ ನಮ್ಮ ಸರ್ಕಾರದ ಮುದ್ರೆ ಬೇಕಾಗಬಹುದು. ದಾಖಲೆಯ ಸಹಿ, ಮುದ್ರೆ ಅಸಲಿ ಅಂತ ಹೇಳುವ ಅಪೊಸ್ಟಿಲ್ ಅನ್ನುವ ಪ್ರಮಾಣಪತ್ರಕ್ಕೆ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ, ಭಾರತದಲ್ಲಿ ಅದು 2005ರಿಂದ ಜಾರಿಯಲ್ಲಿದೆ. ಇಂಡೋನೇಷ್ಯಾದಲ್ಲಿ 2022ರಿಂದ ಜಾರಿಗೆ ಬಂತು. ಒಪ್ಪಂದದಲ್ಲಿರುವ ದೇಶಕ್ಕಾದರೆ ಸಾಮಾನ್ಯವಾಗಿ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಸಾಕು, ರಾಯಭಾರ ಕಚೇರಿಯ ಮುದ್ರೆ ಬೇಡ. ಹೊರಗಿರುವ ದೇಶಕ್ಕೆ ಸಚಿವಾಲಯದ ಮುದ್ರೆಯ ಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಇದಕ್ಕೆ ವಾರಗಟ್ಟಲೆ ಹಿಡಿಯುತ್ತೆ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೂಡ ಪಾಸ್‌ಪೋರ್ಟ್ ಸೇವಾ ಮೂಲಕವೇ, 500 ರೂಪಾಯಿ.

ವೀಸಾದಲ್ಲಿ ಯಾರ ಮಾತಿಗೂ ಮರುಳಾಗಬೇಡಿ. ಪ್ರವಾಸಿಯಾಗಿ ಹೋಗಿ ಕಾಲೇಜಿನಲ್ಲಿ ಕೆಲಸ ಮಾಡುವುದು, ಸಂಬಳ ಇಲ್ಲದಿದ್ದರೂ, ತಪ್ಪಾಗಬಹುದು. ಥಾಯ್ಲೆಂಡಿಗೆ ನಾನ್-ಇಮಿಗ್ರಂಟ್ ವೀಸಾ ಬೇಕು, ಅದಕ್ಕೆ ಕಾಲೇಜಿನ ಆಹ್ವಾನ ಪತ್ರ ಬೇಕು. ವರ್ಕ್ ಪರ್ಮಿಟ್ ಬೇಕೋ ಬೇಡವೋ, ಬೇಕಾದರೆ ಯಾರು ಮಾಡಿಸುತ್ತಾರೆ ಅನ್ನುವುದನ್ನು ಕಾಲೇಜಿನಿಂದ ಬರವಣಿಗೆಯಲ್ಲೇ ತರಿಸಿಕೊಳ್ಳಿ. 2025ರ ಮೇ 1ರಿಂದ ಹೊರಡುವ ಮೊದಲು ಡಿಜಿಟಲ್ ಅರೈವಲ್ ಕಾರ್ಡ್ ಆನ್‌ಲೈನಿನಲ್ಲಿ ತುಂಬುವ ನಿಯಮವೂ ಬಂದಿದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಅಲ್ಲಿಗೆ ಹೋದ ಮೇಲೆ ನೀವು ತಂಗಿರುವ ಜಾಗದವರು 24 ಗಂಟೆಯೊಳಗೆ ಇಮಿಗ್ರೇಶನ್ (ವಲಸೆ) ಕಚೇರಿಗೆ ತಿಳಿಸಬೇಕು. ನೀವೂ ಎಲ್ಲಿದ್ದೀರಿ ಅಂತ 90 ದಿನಕ್ಕೊಮ್ಮೆ ಅದೇ ಕಚೇರಿಗೆ ವರದಿ ಮಾಡಬೇಕು. ನಡುವೆ ರಜೆಗೆ ಪಕ್ಕದ ಲಾವೋಸಿಗೆ ಹೋಗಿ ಬರಬೇಕು ಅನ್ನಿಸಿದರೆ ರೀ-ಎಂಟ್ರಿ ಪರ್ಮಿಟ್ (ಮತ್ತೆ ಒಳಗೆ ಬರುವ ಅನುಮತಿ) ಮಾಡಿಸದೆ ಗಡಿ ದಾಟಬೇಡಿ, ದಾಟಿದರೆ ವೀಸಾ ಅಲ್ಲಿಗೇ ಮುಗಿಯಿತು. ವೀಸಾ ಮುಗಿದ ಮೇಲೂ ಉಳಿದರೆ ದಿನಕ್ಕೆ 500 ಬಾಟ್ ದಂಡ.

ಮನೆಯವರು

ಹೆಣ್ಣುಮಕ್ಕಳಿಗೆ ಇದೇ ದೊಡ್ಡ ಹೆಜ್ಜೆ. "ಅಷ್ಟ್ ದೂರ ಒಬ್ಬಾಕಿನ್ನ ಹೆಂಗ್ ಕಳ್ಸೂದವಾ?" ಅನ್ನುವುದು ಪ್ರೀತಿಯ ಮಾತೇ. ಜಗಳದಿಂದ ಅದು ಬಗೆಹರಿಯುವುದಿಲ್ಲ. ಕಾಲೇಜಿನ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿ. ಹಾಸ್ಟೆಲಿನ ಕೋಣೆಯನ್ನು, ಅಲ್ಲಿನ ಮೇಡಂ ಮುಖವನ್ನು ಅಪ್ಪ ಅವ್ವ ವಿಡಿಯೋ ಕರೆಯಲ್ಲಿ ನೋಡಲಿ. ಅಲ್ಲಿಗೂ ಇಲ್ಲಿಗೂ ಒಂದೂವರೆ ಗಂಟೆ ಅಷ್ಟೇ ವ್ಯತ್ಯಾಸ, ರಾತ್ರಿ ಊಟದ ಹೊತ್ತಿಗೆ ದಿನಾ ಮಾತಾಡಬಹುದು ಅಂತ ತಿಳಿಸಿ. ಬ್ಯಾಂಕಾಕಿನ ನಮ್ಮ ರಾಯಭಾರ ಕಚೇರಿಯ ನಂಬರು, ಅಲ್ಲಿನ ಪೊಲೀಸರ 191, ಆಂಬುಲೆನ್ಸಿನ 1669, ಪ್ರವಾಸಿ ಪೊಲೀಸರ 1155 ಇವನ್ನು ಬರೆದು ಗೋಡೆಗೆ ಅಂಟಿಸಿ. ನಮ್ಮ ಮನೆಯಲ್ಲಿ ಅವ್ವನ ಮನಸ್ಸು ಬದಲಾಗಿದ್ದು ಆ ಚೀಟಿಯಿಂದ.

ಮೊದಲ ವಾರ ಸುಮ್ನೆ ನೋಡಿ

ಹೋದ ಕೂಡಲೇ ತರಗತಿ ಕೇಳಬೇಡಿ. ಹಿಂದಿನ ಬೆಂಚಿನಲ್ಲಿ ಕೂತು ಉಪನ್ಯಾಸಕರ ಪಾಠ ನೋಡಿ. ಅವರನ್ನು 'ಅಜಾನ್' ಅಂತ ಕರೆಯುತ್ತಾರೆ. ಮಕ್ಕಳ ಎದುರು ಅವರನ್ನು ತಿದ್ದಬೇಡಿ, ಅವರ ಇಂಗ್ಲಿಷಿನಲ್ಲಿ ತಪ್ಪು ಕಂಡರೂ. ಮಕ್ಕಳ ಮಟ್ಟ ಯಾವುದು ಅಂತ ಅವರನ್ನೇ ಕೇಳಿ. ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲಿನ ಯುರೋಪಿನ ಅಳತೆಯನ್ನು ಥಾಯ್ಲೆಂಡ್ 2014ರಿಂದ ಬಳಸುತ್ತಿದೆ. ಕೆಳಗಿನ ಎರಡು ಮೆಟ್ಟಿಲಿನವರಿಗೆ ಹವಾಮಾನ ಬದಲಾವಣೆಯ ಬಗ್ಗೆ ಚರ್ಚೆ ಮಾಡಿ ಅಂದರೆ ಬಾಯಿ ಮುಚ್ಚಿಸಿದ ಹಾಗೇ. ನಿನ್ನೆ ರಾತ್ರಿ ಏನು ಉಂಡಿರಿ ಅಂತ ಕೇಳಿದರೆ ಮಾತು ಹೊರಡುತ್ತೆ.

ಮಕ್ಕಳ ಹೆಸರು ಕಲಿಯಿರಿ. ಥಾಯ್ ಹೆಸರುಗಳು ಉದ್ದ, ಆದರೆ ಎಲ್ಲರಿಗೂ ಒಂದು ಚಿಕ್ಕ ಅಡ್ಡಹೆಸರು ಇರುತ್ತೆ. ಕ್ಲಾಸಿನಲ್ಲೂ ಅದೇ ನಡೆಯುತ್ತೆ.

ಮಾತಾಡಿಸುವುದು ಹೇಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದೇ ಅಸಲು ಕೆಲಸ.

ಮೊದಲನೆಯದು ಕಾಯುವುದು. ಮೇರಿ ಬಡ್ ರೋವ್ ಅನ್ನುವ ಅಮೆರಿಕದ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿ ಒಂದು ವಿಷಯ ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಷ್ಟ್ರು ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ. ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ತಾಯ್ನುಡಿಯಲ್ಲೇ ಹೀಗಾದರೆ, ಮೂರನೇ ಭಾಷೆಯಲ್ಲಿ ವಾಕ್ಯ ಕಟ್ಟುವವರಿಗೆ ಎಷ್ಟು ಹೊತ್ತು ಬೇಕು ನೋಡಿ. ನಾನು ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ. ಆ ಮೌನ ಮೈಮೇಲೆ ಬಂದಂತಾಗುತ್ತೆ, ಆದರೂ ತುಂಬಲು ಹೋಗಬೇಡಿ.

ಎರಡನೆಯದು, ಪ್ರಶ್ನೆ ಕೇಳುವ ಕೆಲಸವನ್ನು ಮಕ್ಕಳಿಗೆ ಕೊಡಿ. ಪರೀಕ್ಷೆಗಾಗಿ ಇಂಗ್ಲಿಷ್ ಕಲಿತವರು ಉತ್ತರ ಬರೆದೇ ಬರೆದಿರುತ್ತಾರೆ, ಪ್ರಶ್ನೆ ಕೇಳಿರುವುದಿಲ್ಲ. ನಾನು ಊರಿನ ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ಅದರಲ್ಲಿ ಒಂದು ಕೊಪ್ಪಳದ ಗವಿಮಠದ ಜಾತ್ರೆಯದು: ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಬಂದ ಜೋಳದ ರೊಟ್ಟಿ, ಆಳೆತ್ತರಕ್ಕೆ ಒಟ್ಟಿದ್ದು. ಫೋಟೋ ಬೋರ್ಡಿಗೆ ಅಂಟಿಸಿ, ಏನೂ ಹೇಳದೆ ಪಕ್ಕಕ್ಕೆ ನಿಂತೆ. ಸ್ವಲ್ಪ ಹೊತ್ತು ಪಿಸುಮಾತು. ಆಮೇಲೆ ಕಿಟಕಿ ಪಕ್ಕದ ಹುಡುಗಿ, ಅಲ್ಲಿಯವರೆಗೆ ಒಂದು ಮಾತೂ ಆಡದವಳು, ಕೈ ಎತ್ತದೆಯೇ ಕೇಳಿದಳು: "ಹೂ ಈಟ್ ಆಲ್?"

ಇದರಲ್ಲಿ ತಪ್ಪು ಇದೆ. ಅದನ್ನು ಹಿಡಿದು ತಿದ್ದಿದ್ದರೆ ಆಕೆ ಮತ್ತೆ ಬಾಯಿ ತೆರೆಯುತ್ತಿರಲಿಲ್ಲ. "ಹೂ ಈಟ್ಸ್ ಆಲ್ ದಿಸ್? ಎವ್ರಿಬಡಿ! ಪೀಪಲ್ ಕಮ್ ಫ್ರಮ್ ಮೆನಿ ವಿಲೇಜಸ್" ಅಂತ ಸರಿಯಾದ ರೂಪವನ್ನು ಉತ್ತರದ ಒಳಗೇ ಇಟ್ಟು ಹೇಳಿದೆ. ಕೂಡಲೇ ಪಕ್ಕದವನಿಂದ ಬಂತು, "ಹೂ ಮೇಕ್ಸ್?" ಹಳ್ಳಿಯ ಮನೆಮನೆಯಲ್ಲಿ ಹೆಂಗಸರು ಬಡಿದು ಟ್ರ್ಯಾಕ್ಟರಿನಲ್ಲಿ ಕಳಿಸುತ್ತಾರೆ ಅಂದಾಗ ಪ್ರಶ್ನೆಗಳ ಸಾಲೇ ಹತ್ತಿತು. ದುಡ್ಡು ಕೊಡ್ತಾರಾ? ಮಳೆ ಬಂದರೆ? ಉಳಿದದ್ದು ಏನು ಮಾಡ್ತಾರೆ? ಆ ಗಂಟೆಯಲ್ಲಿ ನಾನು ಮಾತಾಡಿದ್ದು ಉತ್ತರಗಳನ್ನು ಮಾತ್ರ.

ಮುಂದಿನ ಸಲ ಸರದಿ ಬದಲಿಸಿ. ಅವರ ಊರಿನ ಫೋಟೋ ಅವರು ತರಲಿ, ನೀವು ನಿಜವಾಗಿ ಗೊತ್ತಿಲ್ಲದ್ದನ್ನು ಕೇಳಿ. ಇಸಾನ್‌ನಲ್ಲಿ ಮಳೆಗಾಲಕ್ಕೆ ಮುಂಚೆ ಬಿದಿರಿನ ರಾಕೆಟ್ ಹಾರಿಸಿ ಮಳೆ ಬೇಡುವ ಹಬ್ಬ ಇದೆ, ಬುನ್ ಬಾಂಗ್ ಫೈ ಅಂತ. ನಮ್ಮಲ್ಲಿ ಮಳೆ ಹೋದಾಗ ಗುರ್ಜಿ ಹೊತ್ತು ಮನೆಮನೆಗೆ ಹೋಗಿ ನೀರು ಹಾಕಿಸಿಕೊಳ್ಳುವುದನ್ನು ಹೇಳಿದೆ. ಎರಡೂ ಕಡೆ ಹೊಲ ಮಳೆಯನ್ನೇ ನಂಬಿದೆ ಅಂತ ಗೊತ್ತಾದ ಮೇಲೆ ಹುಡುಗರು ತಪ್ಪು ಇಂಗ್ಲಿಷಿನಲ್ಲೇ ಬೋರ್ಡಿಗೆ ಬಂದು ರಾಕೆಟ್ ಬಿಡಿಸಿ ವಿವರಿಸಿದರು. ಹೇಳಲೇಬೇಕು ಅನ್ನುವ ವಿಷಯ ಸಿಕ್ಕರೆ ಭಾಷೆ ಹಿಂದೆ ಬರುತ್ತೆ.

ಮೂರನೆಯದು ಜೋಡಿ. ನಲವತ್ತು ಮಕ್ಕಳು ಒಬ್ಬೊಬ್ಬರಾಗಿ ನಿಮ್ಮ ಜೊತೆ ಮಾತಾಡಿದರೆ ಒಂದು ಗಂಟೆಯಲ್ಲಿ ಒಬ್ಬರಿಗೆ ಒಂದೂವರೆ ನಿಮಿಷ ಸಿಗುವುದೂ ಕಷ್ಟ. ಇಬ್ಬಿಬ್ಬರಾಗಿ ಕೂರಿಸಿದರೆ ಇಪ್ಪತ್ತು ಬಾಯಿ ಒಟ್ಟಿಗೆ ಮಾತಾಡುತ್ತವೆ. ಗದ್ದಲ ಆಗುತ್ತೆ, ಆಗಲಿ. ಆದರೆ 'ಮಾತಾಡಿ' ಅಂತ ಸುಮ್ನೆ ಬಿಟ್ಟರೆ ಥಾಯ್‌ಗೆ ಜಾರುತ್ತಾರೆ. ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದ ಏನೋ ಒಂದು ಇರಬೇಕು. ಒಂದೇ ಪೇಟೆಯ ನಕ್ಷೆ ಎರಡು ಪ್ರತಿ ಮಾಡಿ, ಒಂದರಲ್ಲಿ ಬ್ಯಾಂಕು, ಬಸ್ ಸ್ಟ್ಯಾಂಡು ಅಳಿಸಿ, ಇನ್ನೊಂದರಲ್ಲಿ ಆಸ್ಪತ್ರೆ, ಮಾರ್ಕೆಟ್ಟು ಅಳಿಸಿ. ಒಬ್ಬರ ಹಾಳೆ ಇನ್ನೊಬ್ಬರು ನೋಡದೆ ಕೇಳಿ ಕೇಳಿ ತುಂಬಬೇಕು. ನಾನು ರಾಯಚೂರು ಬಸ್ ನಿಲ್ದಾಣದಿಂದ ಕೋಟೆಗೆ ಹೋಗುವ ದಾರಿಯ ನಕ್ಷೆಯನ್ನೇ ಬಿಡಿಸಿದ್ದೆ. ತಮಗೆ ಗೊತ್ತಿಲ್ಲದ ಊರಾದ್ದರಿಂದ ಊಹಿಸಿ ಬರೆಯಲು ಆಗುವುದಿಲ್ಲ.

ಇನ್ನೊಂದು ಒಳ್ಳೆಯ ಅಭ್ಯಾಸ ನಾಲ್ಕು-ಮೂರು-ಎರಡು ಅನ್ನುವುದು. ಒಂದೇ ವಿಷಯವನ್ನು ಒಬ್ಬ ಗೆಳೆಯನಿಗೆ ನಾಲ್ಕು ನಿಮಿಷ, ಇನ್ನೊಬ್ಬನಿಗೆ ಮೂರು, ಮತ್ತೊಬ್ಬನಿಗೆ ಎರಡು ನಿಮಿಷದಲ್ಲಿ ಹೇಳುವುದು. ಮೂರನೇ ಸಲಕ್ಕೆ ತೊದಲು ಕಡಿಮೆಯಾಗಿರುತ್ತೆ. ಕೆಳಗಿನ ಮಟ್ಟದವರಿಗೆ ನಾಲ್ಕು ನಿಮಿಷ ಬಹಳವಾಯಿತು. ಎರಡರಿಂದ ಶುರು ಮಾಡಿ ಒಂದಕ್ಕೆ ಇಳಿಸಿ.

ಜೋಡಿಗಳು ಮಾತಾಡುವಾಗ ನೀವು ಚೀಟಿ ಹಿಡಿದು ಸುತ್ತಾಡಿ. ಕಿವಿಗೆ ಬಿದ್ದ ತಪ್ಪುಗಳಲ್ಲಿ ಎಲ್ಲರಿಗೂ ಬೇಕಾದ ಮೂರು ನಾಲ್ಕನ್ನು ಬರೆದುಕೊಂಡು, ಕೊನೆಯ ಐದು ನಿಮಿಷದಲ್ಲಿ ಬೋರ್ಡಿನ ಮೇಲೆ ಹಾಕಿ. ಯಾರದು ಅಂತ ಹೇಳಬೇಡಿ. ಜೊತೆಗೆ ಚೆನ್ನಾಗಿದ್ದ ಎರಡು ವಾಕ್ಯಗಳನ್ನೂ ಬರೆಯಿರಿ, ಅವುಗಳಿಗೆ ಮಾತ್ರ ಹೆಸರು ಹಾಕಿ.

'ಅರ್ಥ ಆಯ್ತಾ?' ಅಂತ ಕೇಳುವುದರಿಂದ ಏನೂ ತಿಳಿಯುವುದಿಲ್ಲ. ಹಿರಿಯರಿಗೆ ಇಲ್ಲ ಅನ್ನಲು ಅವರಿಗೆ ಸಂಕೋಚ, ನಮ್ಮ ಮಕ್ಕಳ ಹಾಗೇ. ಎಲ್ಲರೂ ತಲೆಯಾಡಿಸುತ್ತಾರೆ. ಒಬ್ಬರ ಕೈಲಿ ಒಮ್ಮೆ ಮಾಡಿಸಿ ನೋಡಿ, ಆಗ ಗೊತ್ತಾಗುತ್ತೆ. ಫೋನಿನ ಅನುವಾದಕ್ಕೂ ಒಂದು ನಿಯಮ ಇಡಿ: ಮೊದಲು ಬಂದಷ್ಟು ಹೇಳಬೇಕು, ಆಮೇಲೆ ಬೇಕಾದ ಒಂದು ಪದ ನೋಡಿಕೊಳ್ಳಬಹುದು.

ಉಚ್ಚಾರದ ಮಾತು

ಕನ್ನಡದವರಿಗೆ ಪದದ ಕೊನೆಯಲ್ಲಿ ಸ್ವರ ಬೇಕು. ಹಾಗಾಗಿ ನಮ್ಮ ಬಾಯಲ್ಲಿ ಬಸ್ 'ಬಸ್ಸು' ಆಗುತ್ತೆ, ಕಾರ್ 'ಕಾರು' ಆಗುತ್ತೆ. ಥಾಯ್‌ನವರು ಕೊನೆಯನ್ನು ನುಂಗುತ್ತಾರೆ. ಅವರ ಭಾಷೆಯಲ್ಲಿ ಪದದ ಕೊನೆಗೆ 'ಸ' ಬರುವುದಿಲ್ಲ, ಅದು 'ತ' ಆಗುತ್ತೆ. 'ಲ' ಇದ್ದಲ್ಲಿ 'ನ' ಆಗುತ್ತೆ. ಬಸ್ 'ಬಟ್' ಥರ, ಫುಟ್‌ಬಾಲ್ 'ಫುಟ್‌ಬಾನ್' ಥರ ಕೇಳಿಸುತ್ತೆ. ರೈಸ್, ರೈಟ್, ರೈಡ್ ಮೂರೂ ಒಂದೇ ಥರ. 'ರ' ಎಷ್ಟೋ ಸಲ 'ಲ' ಆಗುತ್ತೆ. ಇದು ದಡ್ಡತನವಲ್ಲ, ನಾಲಿಗೆಯ ರೂಢಿ.

ಇದಕ್ಕೆ ಕಿವಿಯಿಂದ ಶುರು ಮಾಡಿ. ನೀವು ರೈಸ್ ಅಂದರೆ ಒಂದು ಬೆರಳು, ರೈಟ್ ಅಂದರೆ ಎರಡು ಬೆರಳು ಎತ್ತಲಿ. ಕಿವಿ ಬೇರೆ ಮಾಡಿದ ಮೇಲೆಯೇ ಬಾಯಿ ಮಾಡುತ್ತೆ. ಆಮೇಲೆ ಅವರು ಹೇಳಲಿ, ನೀವು ಬೆರಳು ಎತ್ತಿ. ದಿನಕ್ಕೆ ಐದು ನಿಮಿಷಕ್ಕಿಂತ ಜಾಸ್ತಿ ಬೇಡ. ಅರ್ಥ ಕೆಡದ ಕಡೆ ಬಿಟ್ಟುಬಿಡಿ. 'ಟ' 'ಡ' ನಮ್ಮ ಬಾಯಲ್ಲಿ ಗಟ್ಟಿಯಾಗಿ ಬರುತ್ತವೆ ಅಂತ ಮಕ್ಕಳಿಗೇ ಹೇಳಿ. ತಮ್ಮ ಉಚ್ಚಾರಕ್ಕೆ ನಾಚುವವರಿಗೆ ಅದರಿಂದ ಧೈರ್ಯ ಬರುತ್ತೆ.

ತರಗತಿಯ ಹೊರಗೆ

ಕ್ಯಾಂಟೀನಿನಲ್ಲಿ ಒಂದು ಟೇಬಲ್ ಗೊತ್ತು ಮಾಡಿಕೊಂಡು ವಾರದಲ್ಲಿ ಎರಡು ದಿನ ಅದೇ ಹೊತ್ತಿಗೆ ಕೂರಿ. ಮೊದಮೊದಲು ಯಾರೂ ಬರುವುದಿಲ್ಲ. ನಿಮ್ಮ ಪಾಡಿಗೆ ಊಟ ಮಾಡಿ. ಒಬ್ಬರು ಬಂದರೆ ಮುಂದಿನ ವಾರ ಅವರ ಗೆಳತಿಯರೂ ಬರುತ್ತಾರೆ. ಅಲ್ಲಿ ವಾಟ್ಸಾಪ್‌ಗಿಂತ ಲೈನ್ ಆ್ಯಪ್ ಬಳಕೆ ಜಾಸ್ತಿ. ಲೈನ್‌ನಲ್ಲಿ ಗುಂಪು ಮಾಡಿ, ದಿನಾ ಒಂದು ನಿಮಿಷದ ಧ್ವನಿ ಸಂದೇಶ ಕಳಿಸಲು ಹೇಳಿ. ಎದುರಿಗೆ ಮಾತಾಡದವರು ಫೋನಿಗೆ ಮಾತಾಡುತ್ತಾರೆ, ಬೇಡವಾದರೆ ಅಳಿಸಿ ಮತ್ತೆ ಹೇಳಬಹುದಲ್ಲ. ರಾತ್ರಿ ಒಂಬತ್ತರ ನಂತರ ಉತ್ತರ ಕೊಡುವುದಿಲ್ಲ ಅಂತ ಮೊದಲೇ ತಿಳಿಸಿಬಿಡಿ.

ನಡವಳಿಕೆಯಲ್ಲಿ ನಮಗೆ ಹೊಸದು ಕಡಿಮೆ. ಕೈ ಮುಗಿಯುವುದು, ಒಳಗೆ ಹೋಗುವಾಗ ಚಪ್ಪಲಿ ಬಿಡುವುದು, ಹಿರಿಯರ ಕಡೆ ಕಾಲು ಚಾಚದಿರುವುದು ಎಲ್ಲ ಇದ್ದದ್ದೇ. ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ರಾಷ್ಟ್ರಗೀತೆ ಕೇಳಿಸಿದರೆ ಇದ್ದಲ್ಲೇ ನಿಲ್ಲಿ. ಯಾರ ತಲೆಯನ್ನೂ ಮುಟ್ಟಬೇಡಿ, ಪ್ರೀತಿಗೂ ಬೇಡ. ರಾಜಮನೆತನದ ಬಗ್ಗೆ ಮಾತು, ಪೋಸ್ಟ್, ಶೇರ್ ಯಾವುದೂ ಬೇಡ. ಅದು ಅವಮಾನ ಅಂತಾದರೆ ಅವರ ದಂಡ ಸಂಹಿತೆಯ 112ನೇ ಕಲಂ ಪ್ರಕಾರ 3ರಿಂದ 15 ವರ್ಷ ಜೈಲು.

ಸಸ್ಯಾಹಾರಿಗಳು 'ಜೇ' ಅನ್ನುವ ಪದ ಕಲಿಯಿರಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿಯಲ್ಲಿ ಮಾಂಸ, ಮೀನು, ಮೊಟ್ಟೆ ಇರುವುದಿಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಉಳಿದ ಕಡೆ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತೆ. ಪಪ್ಪಾಯಿ ಕಾಯಿಯ ಸೋಮ್ ಟಮ್‌ಗೆ ಶೇಂಗಾ, ಹಸಿಮೆಣಸಿನಕಾಯಿ ಹಾಕಿ ಕುಟ್ಟುತ್ತಾರೆ, ನಮ್ಮವರಿಗೆ ಬಹಳ ರುಚಿ. ಒಣ ಸಿಗಡಿ, ಮೀನು ಹಾಕಬೇಡಿ ಅಂತ ಹೇಳಿ ಮಾಡಿಸಿಕೊಳ್ಳಬೇಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದರೆ ವಾರಗಟ್ಟಲೆ ಕೆಡುವುದಿಲ್ಲ.

ವಾಪಸ್ ಹೊರಡುವ ಮೊದಲು

ಕೊನೆಯ ತಿಂಗಳು ಮಾತಾಡಿಸುವ ಗಂಟೆಯನ್ನು ಮಕ್ಕಳ ಕೈಗೆ ಕೊಡಿ. ಇಬ್ಬರು ಹಿರಿಯ ವಿದ್ಯಾರ್ಥಿಗಳು ವಿಷಯ ಆರಿಸಿ, ಜೋಡಿ ಮಾಡಿಸಿ, ನಡೆಸಲಿ. ನೀವು ಹಿಂದೆ ಕೂರಿ. ನಕ್ಷೆ, ಫೋಟೋ, ಚೀಟಿಗಳನ್ನು ಒಂದು ಫೈಲಿಗೆ ಹಾಕಿ ಅಜಾನ್ ಅವರಿಗೆ ಒಪ್ಪಿಸಿ. ಮುಂದಿನ ವರ್ಷ ನಮ್ಮ ಕಡೆಯಿಂದ ಇನ್ನೊಬ್ಬರು ಬಂದರೆ ಅಲ್ಲಿಂದ ಮುಂದುವರಿಸಬಹುದು.

ಅನುಭವ ಪತ್ರವನ್ನು ಅಲ್ಲಿರುವಾಗಲೇ ಕೈಯಲ್ಲಿ ತೆಗೆದುಕೊಳ್ಳಿ, ಆಮೇಲೆ ಮೇಲ್ ಮಾಡ್ತೀವಿ ಅನ್ನುವುದಕ್ಕೆ ಬಿಡಬೇಡಿ. ಕಾಲೇಜಿನ ಲೆಟರ್‌ಹೆಡ್, ಸಹಿ, ಮುದ್ರೆ, ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ನಿಮ್ಮ ಹೆಸರು, ಶುರುವಾದ ಮತ್ತು ಮುಗಿದ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಯಾವ ಮಟ್ಟದ ಮಕ್ಕಳು, ನೀವೇ ನಡೆಸಿದ ಕೆಲಸಗಳು ಯಾವುವು ಅಂತ ಎಲ್ಲ ಇರಬೇಕು. ಥಾಯ್ ಭಾಷೆಯಲ್ಲಿ ಕೊಟ್ಟರೆ ಇಂಗ್ಲಿಷ್ ಪ್ರತಿಯನ್ನೂ ಕೇಳಿ. ಅವರ ದಾಖಲೆಗಳಲ್ಲಿ ಬುದ್ಧನ ಶಕೆಯ ವರ್ಷ ಹಾಕುವ ರೂಢಿ ಇದೆ. ನಮ್ಮ ಲೆಕ್ಕದ 2025 ಅಲ್ಲಿ 2568. ಇಂಗ್ಲಿಷ್ ಪ್ರತಿಯಲ್ಲಿ ವರ್ಷ ಸರಿಯಾಗಿ ಬಿದ್ದಿದೆಯೇ ಅಂತ ಕಚೇರಿಯಲ್ಲೇ ನಿಂತು ಓದಿ ನೋಡಿ.